ಅಪ್ಪ ಒಪ್ಪಿಕೊಂಡ ತಪ್ಪು

ಹೋದ ತಿಂಗಳು ಹಳೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಲೆಂದು ಟ್ರಂಕು ತೆರೆದಾಗ ಅಪ್ಪನ ಕಪ್ಪು ಶೇರ್ವಾನಿ ಸಿಕ್ಕಿತು. ಕರ್ಪೂರದ ವಾಸನೆ, ಅದರಡಿ ಹಳೆಯ ಬೆವರು, ಅದರಡಿ ಕೋರ್ಟಿನ ದಿನ ಮಾತ್ರ ಅವರು ಕಾಲರಿಗೆ ತಾಗಿಸಿಕೊಳ್ಳುತ್ತಿದ್ದ ಅತ್ತರು... ಹಾಕಿಕೊಂಡು ನೋಡಿದೆ. ಭುಜ ಜೋತುಬಿತ್ತು. ಬಾಗಿಲಲ್ಲಿ ನಿಂತಿದ್ದ ಅವ್ವ ನಾನು ಅಪ್ಪನ ನಕಲು ಮಾಡುತ್ತೇನೆಂದು ಕಾದಳು. ನಾನು ಗುಂಡಿ ಬಿಚ್ಚಿ ಶೇರ್ವಾನಿ ಮಡಚಿಟ್ಟೆ.

ನಕಲು ನನಗೆ ಹುಟ್ಟಿನಿಂದ ಅಂಟಿದ ರೋಗ. ನಿಜಾಮರ ಕಾಲದಲ್ಲಿ ಅಪ್ಪನೂ ನಾನೂ ನಾರಾಯಣಖೇಡದ ಮುನ್ಸಿಫ್ ಕೋರ್ಟಿನಲ್ಲಿ ಜೋಡಿ ವಕೀಲರಾಗಿದ್ದೆವು. ಅಲ್ಲಿ ನನ್ನ ಬಾಯಿಗೆ ಸಿಗದ ಮನುಷ್ಯ ಇರಲಿಲ್ಲ. ಹೆಸರು ಕೂಗುವ ಮೊದಲು ಮೂರು ಸಲ ಕೆಮ್ಮುವ ಜವಾನ, ಮೂಗಿನಿಂದ ಉರ್ದು ಮಾತಾಡುವ ಎದುರು ವಕೀಲರು, ಎಲ್ಲರೂ ನನ್ನೊಳಗೆ ಬಾಡಿಗೆ ಕೊಡದೆ ಸಂಸಾರ ಹೂಡಿದ್ದರು. ಮೊದಲ ದಿನ ‘ಹುಜೂರ್’ ಅನ್ನಲು ಹೋಗಿ ನನ್ನದೇ ದನಿ ಕುರಿಮರಿಯಂತೆ ಒಡೆದದ್ದನ್ನೂ ಕೇಳಿದವರಿಗೆಲ್ಲ ಮಾಡಿ ತೋರಿಸುತ್ತಿದ್ದೆ. ಆದರೆ ನನಗೆ ಅತಿ ಚೆನ್ನಾಗಿ ಬರುತ್ತಿದ್ದದ್ದು ಅಪ್ಪ. ಅವರು ಮಾತಿಗೆ ಮುಂಚೆ ಎಡಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ‘ಮೊದಲಿಂದ ಬರೋಣ್ರಿ’ ಅನ್ನುತ್ತಿದ್ದರು.

ಅಪ್ಪ ನನ್ನ ರೋಗವನ್ನು ಕೆಲಸಕ್ಕೆ ಹಚ್ಚಿದ್ದರು. ಖಟ್ಲೆಯ ಹಿಂದಿನ ದಿನ ಪಡಸಾಲೆಯಲ್ಲಿ ನಾನು ಎದುರು ಪಕ್ಷದ ಸಾಕ್ಷಿಯಾಗಬೇಕು, ಅವರು ಪ್ರಶ್ನೆ ಕೇಳಬೇಕು. ಒಂದು ದಿನ ನಾನು ಪಟೇಲ, ಇನ್ನೊಂದು ದಿನ ಪಟೇಲನ ವಿಧವೆ ಅಕ್ಕ. ಒಳಗಿನಿಂದ ಅವ್ವ ನಗುತ್ತಿದ್ದಳು. ನಮ್ಮ ಕಡೆಯ ಸಾಕ್ಷಿಯನ್ನು ಮಾತ್ರ ಅಪ್ಪ ಪಡಸಾಲೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

“ನಮ್ಮ ಸಾಕ್ಷಿಗಿ ಒಂದಕ್ಷರ ಕಲಿಸಬ್ಯಾಡ ನೋಡು. ಖರೇ ಹೇಳಾವ ತಡವರಸ್ಕೋತ ಹೇಳ್ತಾನ. ಹೇಳ್ಲಿ ಬಿಡು.”

ಕಲ್ಹೇರ್ ಕಡೆಯ ಕುರಿಗಾರ ತರುಣನೊಬ್ಬನ ಮೇಲೆ ಪಟೇಲನ ಬಣವೆಗೆ ಬೆಂಕಿ ಇಟ್ಟ ಆರೋಪ ಬಂತು. ಅವನ ವಕಾಲತ್ತು ನಮ್ಮದು. ಬೆಂಕಿ ಬಿದ್ದದ್ದು ನಡುಮಧ್ಯಾಹ್ನ. ಆ ಹೊತ್ತಿನಲ್ಲಿ ಅವನು ಎರಡು ಹರದಾರಿ ಆಚೆಯ ಹಳ್ಳದಲ್ಲಿ ಸೋದರಮಾವನ ಜೊತೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಅದು ನಿಜ. ಅದನ್ನು ಹೇಳಬಲ್ಲವನು ಆ ಮಾವನೊಬ್ಬನೇ. ಮುದುಕನನ್ನು ಒಂದು ಕೇಳಿದರೆ, ಯಾವ ಕುರಿ ಒದೆಯಿತು, ಯಾವುದು ಗಬ್ಬ ಇತ್ತು ಎಂದು ಶುರುಮಾಡುತ್ತಿದ್ದ. ಮಧ್ಯಾಹ್ನ ಬರುವಷ್ಟರಲ್ಲಿ ನಮಗೇ ಸಂಜೆಯಾಗುತ್ತಿತ್ತು.

ಅಪ್ಪ ಬೇರೆ ಖಟ್ಲೆಗೆಂದು ತಾಂಡೂರಿಗೆ ಹೋದ ಎರಡು ದಿನ ನಾನು ಮುದುಕನನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡೆ. ಮೂಗಿನ ವಕೀಲರಾಗಿ ನಾನೇ ಪ್ರಶ್ನೆ ಕೇಳಿದೆ, ಅಪ್ಪನಾಗಿ ನಾನೇ ಉತ್ತರ ತೋರಿಸಿದೆ.

“ತಲಿ ಕೆಟ್ಟಾಗ ಹಿಂಗ ಕಿವಿ ಹಿಡಿ ಮುತ್ಯಾ. ಕಣ್ಣು ಮುಚ್ಚು. ಆಮ್ಯಾಲ ಹೇಳು.”

“ದೊಡ್ಡ ವಕೀಲ್ ಸಾಬ್ರಂಗ?” ಅಂದ. ಮಾಡಿಯೂ ತೋರಿಸಿದ. ಜೀವಮಾನವಿಡೀ ಕುರಿಯ ದನಿಯಲ್ಲಿ ಕುರಿ ಕರೆದವನು. ನನಗಿಂತ ಚೆನ್ನಾಗಿ ಮಾಡಿದ. ನನಗೊಬ್ಬ ಶಿಷ್ಯ ಸಿಕ್ಕನೆಂದು ಹೊಟ್ಟೆ ಹಿಡಿದು ನಕ್ಕೆ...

ಕೋರ್ಟಿನಲ್ಲಿ ಮೂಗಿನ ವಕೀಲರು ಒಂದೇ ಪ್ರಶ್ನೆ ಕೇಳಿದರು. ಮುದುಕ ಕಿವಿ ಹಿಡಿದು, ಕಣ್ಣು ಮುಚ್ಚಿ, “ಮೊದಲಿಂದ ಬರೋಣ್ರಿ” ಎಂದು ಸರಾಗವಾಗಿ ಹೇಳಿದ. ಅದನ್ನೇ ಮತ್ತೊಮ್ಮೆ ಕೇಳಿದರು. ಮತ್ತೆ ಅದೇ ಕಿವಿ, ಅದೇ ಕಣ್ಣು, ಒಂದು ಅಕ್ಷರ ಆಚೀಚೆ ಇಲ್ಲದ ಅದೇ ಮಾತು. ಮೂರನೆಯ ಸಲಕ್ಕೆ ಅವರು ಸುಮ್ಮನೆ ಅಪ್ಪನ ಕಡೆ ಕೈ ತೋರಿಸಿದರು. ಅಪ್ಪ ಗಾಬರಿಯಲ್ಲಿ ತಮ್ಮ ಎಡಗಿವಿಯನ್ನೇ ಹಿಡಿದುಕೊಂಡು ನಿಂತಿದ್ದರು.

ಇಡೀ ಕೋರ್ಟು ನಕ್ಕಿತು. ಮುನ್ಸಿಫ್ ಸಾಹೇಬರು ನಗಲಿಲ್ಲ. ಈ ಸಾಕ್ಷಿಗೆ ಪಾಠ ಹೇಳಿಕೊಟ್ಟವರು ಯಾರು ಎಂದು ಉರ್ದುವಿನಲ್ಲಿ ಕೇಳಿದರು. ಅಪ್ಪ ತಿರುಗಿ ನನ್ನನ್ನು ನೋಡಿದರು. ನಾನು ಬಗ್ಗಿ, ಕೆಳಗೆ ಬೀಳದ ಕಾಗದವೊಂದನ್ನು ಹುಡುಕುತ್ತಿದ್ದೆ. ಊರಿನವರ ದನಿಯೆಲ್ಲ ಇದ್ದ ಬಾಯಲ್ಲಿ ಆಗ ನನ್ನದೊಂದು ದನಿ ಇರಲಿಲ್ಲ.

“ನಾನು, ಹುಜೂರ್,” ಅಂದರು ಅಪ್ಪ.

ಮುದುಕನ ಸಾಕ್ಷಿ ಸುಳ್ಳೆಂದು ತೀರ್ಪಾಯಿತು. ತರುಣನಿಗೆ ಒಂದು ವರ್ಷ ಜೈಲು. ಈ ವಕೀಲರು ಸಾಕ್ಷಿಗಳನ್ನು ತಿದ್ದುತ್ತಾರೆ ಎಂಬ ಸಾಲು ತೀರ್ಪಿನಲ್ಲೇ ಸೇರಿತು. ಮನೆಗೆ ಬರುವಾಗ ಟಾಂಗಾದಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಂದರು: “ನಿನ್ನ ವಕೀಲಿ ಸನದು ಹೊಸಾದು. ಇಂಥಾ ಮಾತು ಬಿದ್ರ ಅಲ್ಲಿಗಿ ಮುಗೀತು. ನಂದು ಹಳೇದದ, ತಡೀತದ. ಆದ್ರ ಆ ಹುಡುಗನ ಮನಿಗಿ ಹೋಗಿ ಖರೇ ಏನದ ಅದು ನೀನೇ ಹೇಳಿ ಬಾ.”

ಹೂಂ ಅಂದೆ. ಹೋಗಲಿಲ್ಲ. ಮಾವನೇ ಸುಳ್ಳು ಹೇಳಿ ಕೆಡಿಸಿದ ಎಂದು ಹಳ್ಳಿಯವರು ಮುದುಕನನ್ನು ಹೀನಾಯ ಮಾಡುತ್ತಿದ್ದಾರೆಂದು ಕೇಳಿಬಂತು. ಆಗಲೂ ಹೋಗಲಿಲ್ಲ. ಇತ್ತ ಅಪ್ಪನ ಸನದೂ ತಡೆಯಲಿಲ್ಲ. ಕಕ್ಷಿದಾರರು ಬಂದವರು ನನ್ನನ್ನು ಕೇಳಿಕೊಂಡು ಬಂದರು, ಪಡಸಾಲೆಯಲ್ಲಿ ಕೂತ ಅಪ್ಪನನ್ನು ದಾಟಿಕೊಂಡು ಒಳಗೆ ಬಂದರು. ನನಗೆ ಅಪ್ಪ ಒಂದು ಮಾತೂ ಬಯ್ಯಲಿಲ್ಲ. ಪಡಸಾಲೆಯಲ್ಲಿ ನನ್ನನ್ನು ಸಾಕ್ಷಿಯಾಗಿ ಕೂಡಿಸುವುದು ಮಾತ್ರ ನಿಂತೇಹೋಯಿತು. ಬಯ್ದಿದ್ದರೆ ಅದನ್ನೂ ನಕಲು ಮಾಡಿ ನಗಿಸಿ ಮುಗಿಸಿಬಿಡುತ್ತಿದ್ದೆನೋ ಏನೋ...

ಶೇರ್ವಾನಿ ಮಡಚಿಟ್ಟ ಮರುದಿನ ಕಲ್ಹೇರ್ ಬಸ್ಸು ಹತ್ತಿದೆ. ಮುದುಕ ತೀರಿಕೊಂಡಿದ್ದ. ಜೈಲಿಗೆ ಹೋಗಿಬಂದವನು ಹಟ್ಟಿಯ ಮುಂದೆ ನನಗೆ ಕಂಬಳಿ ಹಾಸಿದ. ಒಂದೂ ಬಿಡದೆ ಹೇಳಿದೆ, ಯಾರ ದನಿಯನ್ನೂ ಸೇರಿಸದೆ.

ಅವನು ತಲೆಯಾಡಿಸುತ್ತ ಕೇಳಿದ. “ನನಗ ಬಿಟ್ಟ ದಿನ ದೊಡ್ಡ ವಕೀಲ್ ಸಾಬ್ರು ಜೈಲಿನ ಬಾಗಲಾಗೇ ನಿಂತಿದ್ರು. ಕಲಿಸಿದಾವ ನಾನು, ನಿಮ್ಮ ಮಾವಂದೇನೂ ತಪ್ಪಿಲ್ಲ ಅಂತ ಕೈ ಮುಗುದ್ರು. ಹಳ್ಳಿಗೂ ಬಂದು ನಾಕು ಮಂದಿ ಮುಂದ ಹೇಳ್ಯಾರ.”

“ಅಲ್ಲಪ್ಪಾ, ಅವರು ಹೇಳಿದ್ದು ಸುಳ್ಳು. ಕಲಿಸಿದಾವ ನಾನು.”

ಅವನ ಕಣ್ಣು ತುಂಬಿತು. “ಸತ್ತ ಅಪ್ಪನ ಹೆಸರು ಉಳಸಾಕ ಇಷ್ಟು ದೂರ ಬಂದೀರಿ. ಮಗಾ ಅಂದ್ರ ಹಿಂಗಿರ್ಬೇಕ್ರಿ!”

ಹೆಂಡತಿಯನ್ನು ಕರೆದು ನನ್ನನ್ನು ತೋರಿಸಿದ. ಅವಳು ಸೆರಗು ಹೊದ್ದು ಹಾಲಿನ ಲೋಟ ತಂದಿಟ್ಟಳು. ಇನ್ನೊಮ್ಮೆ ಹೇಳಬೇಕಿತ್ತು. ಹೇಳದೆ ಹಾಲು ಕುಡಿದೆ. ನಾನು ಎಷ್ಟು ಸಲ ಹೇಳಿದರೂ ಅವನು ನಂಬುವುದು ಅಪ್ಪನ ಮಾತನ್ನೇ. ಅದನ್ನು ವಾಪಸು ತೆಗೆದುಕೊಳ್ಳಬಲ್ಲವರು ಅವರೊಬ್ಬರೇ ಇದ್ದರು. ಅವರು ಹೋಗಿ ಮೂರು ವರ್ಷವಾಯಿತು.