ಇಳಿಜಾರಿನ ಬಸ್ಸು

ಓಝರ್‌ನ ನಮ್ಮ ವಿಮಾನ ಕಾರ್ಖಾನೆಯ ಕಾಲನಿಯಲ್ಲಿ ಶಾಲೆಯ ಬಸ್ಸಿಗೆ ನಿಲ್ಲಲು ಜಾಗವಿರಲಿಲ್ಲ. ಮೈದಾನದಿಂದ ಕ್ರಿಕೆಟ್ ಆಡುವವರು ಅದನ್ನು ಹೊರಗಟ್ಟಿದರು, ಅಂಗಡಿಯ ಮುಂದಿನಿಂದ ಅಂಗಡಿಯವರು. ಕೊನೆಗೆ ವಿಜಾಪುರದ ಕಡೆಯ ಡ್ರೈವರು ನಮ್ಮ ಮನೆಯ ಮೇಲಿನ ಇಳಿಜಾರನ್ನು ಹಿಡಿದರು. ಹಳೆಯ ಬಸ್ಸು, ಬೆಳಿಗ್ಗೆ ಉರುಳಿದರೇ ಸ್ಟಾರ್ಟ್ ಆಗುವಂಥದ್ದು.

ಕಾರ್ಖಾನೆಯಲ್ಲಿ ವಿಮಾನದ ಭಾಗಗಳನ್ನು ಪರೀಕ್ಷಿಸುವ ನನಗೆ, ಅದು ತಾನಾಗಿಯೇ ಉರುಳಿ ನಮ್ಮ ಅಡುಗೆಮನೆಗೆ ನುಗ್ಗುತ್ತದೆಂಬ ಭಯ. ಡ್ರೈವರಿಗೆ ಹೇಳಿಕೊಂಡೆ.

"ಸಮಾಧಾನ ಇರ್ರಿ ಸಾಹೇಬ್ರ," ಎಂದು ಟೋಪಿ ಹಿಂದೆ ಸರಿಸಿ, ಚಕ್ರದ ಮುಂದೊಂದು ಕಲ್ಲಿಟ್ಟರು. ಆಮೇಲೆ ದಿನವೂ ನಾನು ಕೇಳುವುದು, ಅವರು ಅದನ್ನೇ ಹೇಳುವುದು.

ಒಂದು ಬೆಳಿಗ್ಗೆ ಮಕ್ಕಳು ಬಸ್ಸು ಹತ್ತಿ ಕೂತಿದ್ದರು. ಡ್ರೈವರು ಎದುರಿಗೆ ಚಹಾ ಕುಡಿಯುತ್ತಿದ್ದರು. ನನಗೆ ಕಲ್ಲು ಚಿಕ್ಕದೆನಿಸಿತು. ದೊಡ್ಡದನ್ನು ಇಡೋಣವೆಂದು ಚಿಕ್ಕದನ್ನು ಎಳೆದುಬಿಟ್ಟೆ. ಎಳೆದ ಮೇಲೆ ಬುದ್ಧಿ ಬಂತು. ಬಸ್ಸಿನ ಮುಂಭಾಗಕ್ಕೆ ಬೆನ್ನು ಒತ್ತಿ ನಿಂತು, "ಎಲ್ಲಾರೂ ಇಳೀರಿ!" ಎಂದು ಕಿರುಚಿದೆ.

ಬಸ್ಸು ಕದಲಲಿಲ್ಲ.

ಡ್ರೈವರು ಲೋಟ ಹಿಡಿದೇ ಬಂದರು. "ಗೇರಿನಾಗ ಐತ್ರಿ, ಹ್ಯಾಂಡ್‌ಬ್ರೇಕೂ ಹಾಕೀನಿ. ಕಲ್ಲು ನಿಮ್ಮ ಸಮಾಧಾನಕ್ಕ ಇಟ್ಟಿದ್ದು."

ನನಗೆ ನಗು ಬಂತು. ಆದರೂ ದೊಡ್ಡ ಕಲ್ಲನ್ನು ಇಟ್ಟೆ. ಐದು ನಿಮಿಷದಲ್ಲಿ ತೆಗೆಯಬೇಕಾದ ಆ ಕಲ್ಲನ್ನು ಅವರು ಕಾಲಿನಿಂದ ಒತ್ತಿ, ಗಟ್ಟಿಯಾಗಿ ಕೂರಿಸಿದರು.