ವರದಿ ಬರೆಯಲು ಕಲಿಸಿದ ಮೇಡಂ

ನಮ್ಮ ಕನ್ನಡ ಮೇಡಂ ಅವರ ಎರಡೂ ಕೈಗಳ ಮೇಲೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ, ತೊನ್ನಿನ ಬಿಳಿ ಮಚ್ಚೆಗಳಿದ್ದವು. ಎಂಟನೇ ಕ್ಲಾಸಿನ ಮೊದಲ ದಿನ ನಾವೆಲ್ಲ ಅದನ್ನು ಸೀಮೆಸುಣ್ಣದ ಪುಡಿ ಎಂದೇ ತಿಳಿದಿದ್ದೆವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಕೈ ತೊಳ್ಕೊಳ್ಳೋಕೆ ನೀರು ತರ್ಲಾ?" ಎಂದಳು.

ಮೇಡಂ ನಕ್ಕುಬಿಟ್ಟರು. "ತೊಳೆದ್ರೆ ಹೋಗಲ್ಲ ಕಣಮ್ಮ, ನನ್ನ ಚರ್ಮಾನೇ ಹಿಂಗೆ. ಹತ್ರ ಬಂದು ನೋಡಿ. ಕಂಡಿದ್ದನ್ನ ಐದು ವಾಕ್ಯದಲ್ಲಿ ಬರೀರಿ."

ಹೆಚ್ಚಿನವರು ಮೇಡಂ ಕೈ ತಾವರೆಯಂತಿದೆ, ಬೆಣ್ಣೆಯಂತಿದೆ ಎಂದು ಬರೆದರು. ನಾನು ‘ಬಿಳಿ ಮಚ್ಚೆಗಳಿವೆ, ಬಲಗೈ ಹೆಬ್ಬೆರಳಿನದು ಎಲ್ಲಕ್ಕಿಂತ ದೊಡ್ಡದು’ ಎಂದು ಬರೆದು, ಹೆದರಿ ಪುಸ್ತಕ ಮುಚ್ಚಿಟ್ಟಿದ್ದೆ. ಅವರು ಅದನ್ನೇ ಎತ್ತಿ ಓದಿದರು. "ಇವಳು ನೋಡಿದ್ದಾಳೆ" ಎಂದಷ್ಟೇ ಹೇಳಿದರು. ವರ್ಣನೆ ಎಂದರೇನೆಂದು ನಾನು ಕಲಿತದ್ದು ಅವತ್ತು.

ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದರೆ ನಾವೆಲ್ಲ ‘ಗಾದೆಗಳು ವೇದಗಳಿಗೆ ಸಮಾನ’ ಎಂದೇ ಶುರು ಮಾಡುತ್ತಿದ್ದೆವು. ಆ ಸಾಲನ್ನು ಅವರು ಪ್ರತಿ ಪುಸ್ತಕದಲ್ಲೂ ಬೇಸರವಿಲ್ಲದೆ ಹೊಡೆದುಹಾಕುತ್ತಿದ್ದರು. "ಈ ಗಾದೆ ಯಾವತ್ತಾದ್ರೂ ನಿಮ್ಮನೆ ಒಳಗೆ ಬಂದಿತ್ತಾ? ಬಂದಿದ್ರೆ ಅದನ್ನ ಬರೀರಿ." ಪತ್ರಲೇಖನದಲ್ಲಿ ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’ ಎಲ್ಲ ತಮ್ಮ ತಮ್ಮ ಜಾಗದಲ್ಲಿರಬೇಕು, ‘ವಿಷಯ’ ಎಂಬ ಒಂದು ಸಾಲು ಓದಿದರೆ ಸಾಕು, ಆಫೀಸಿನಲ್ಲಿ ಕೂತವರಿಗೆ ನಮ್ಮ ಕೆಲಸವೇನೆಂದು ತಿಳಿಯಬೇಕು. ಪ್ರಬಂಧದ ಉಪಸಂಹಾರದಲ್ಲಿ ದೇಶಕ್ಕೆ ಬುದ್ಧಿ ಹೇಳಿದರೆ ಅರ್ಧ ಅಂಕ ಹೋಗುತ್ತಿತ್ತು. ವರದಿಯ ಬಗ್ಗೆ ಮಾತ್ರ ಅವರಿಗೆ ವಿಶೇಷ ಪ್ರೀತಿ. "ಕಂಡಿದ್ದು ಒಂದು ಕಡೆ, ಕೇಳಿದ್ದು ಒಂದು ಕಡೆ. ನಿಮಗೆ ಅನ್ಸಿದ್ದನ್ನ ಮನೇಲಿ ಬಿಟ್ಟು ಬನ್ನಿ" ಎನ್ನುತ್ತಿದ್ದರು. ಹತ್ತನೇ ಕ್ಲಾಸಿನಲ್ಲಿ ವರದಿಗೆ ನಾಲ್ಕೇ ಅಂಕ. ಅಷ್ಟಕ್ಕೆ ಇಷ್ಟೊಂದು ಗೋಳು ಯಾಕೆ ಎಂದು ನಾವು ಗೊಣಗುತ್ತಿದ್ದೆವು.

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷವೇ ಅಪ್ಪನ ಕೆಲಸಕ್ಕೆ ಕುತ್ತು ಬಂತು. ಅಪ್ಪ ಮೇಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ಒಂದು ದಿನ ಅವರು ಊಟಕ್ಕೆ ಹೋಗಿದ್ದಾಗ ಮೆಷಿನ್ ತಾನಾಗಿ ಓಡಿ, ಅದನ್ನು ಒರೆಸುತ್ತಿದ್ದ ಜೊತೆಗಾರನ ಎರಡು ಬೆರಳು ಜಜ್ಜಿಹೋದವು. ಆಫ್ ಮಾಡದೆ ಹೋದದ್ದು ಅಪ್ಪನ ತಪ್ಪು ಎಂದು ಅವರನ್ನು ಸಸ್ಪೆಂಡ್ ಮಾಡಿ, ಒಂದು ವಾರದೊಳಗೆ ಸಮಜಾಯಿಷಿ ಬರೆದುಕೊಡಲು ಹೇಳಿದರು. ಅಪ್ಪನಿಗೆ ಸಹಿ ಹಾಕುವಷ್ಟು ಅಕ್ಷರ ಗೊತ್ತಿತ್ತು, ಅಷ್ಟೆ. ನಾನೇ ಕೂತು ಎರಡು ಪುಟ ಬರೆದೆ. ನಮ್ಮ ತಂದೆ ದೇವರಂಥ ಮನುಷ್ಯ, ನಾವು ಬಡವರು, ದಯವಿಟ್ಟು ಕ್ಷಮಿಸಿ, ಹೀಗೆ. ಮೇಡಂಗೆ ತೋರಿಸಿದೆ. ಅವರು ಓದಿ, ಮೂರು ಸಾಲು ಉಳಿಸಿ ಮಿಕ್ಕಿದ್ದೆಲ್ಲ ಹೊಡೆದುಹಾಕಿದರು. ನನಗೆ ಅಳು ಬಂತು.

"ದೇವರಂಥವರು ಅಂತ ನಿನಗೆ ಗೊತ್ತು ಕಣೇ. ಅವತ್ತು ಏನಾಯ್ತು ಅಂತ ಇದ್ರಲ್ಲಿ ಎಲ್ಲಿದೆ?"

"ನಂಗೊತ್ತಿಲ್ಲ ಮಿಸ್."

"ನಡಿ, ಗೊತ್ತಿರೋರನ್ನ ಕೇಳೋಣ."

ಸಂಜೆ ತಮ್ಮ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಮನೆಗೆ ಬಂದರು. ಅಮ್ಮ ಚಾಪೆ ಹಾಸಿದಳು. ನಮ್ಮ ಬೀದಿಯ ಮನೆಗಳಲ್ಲಿ ನೀರು ಕುಡಿಯದೆ ಎದ್ದು ಹೋಗುವವರನ್ನು ಕಂಡಿದ್ದ ಅಮ್ಮ, ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಮೇಡಂ ಎದ್ದುಹೋಗಿ ಲೋಟ ಈಸಿಕೊಂಡು ಕುಡಿದರು. ಶುಂಠಿ ಚೆನ್ನಾಗಿದೆ ಎಂದು ಇನ್ನರ್ಧ ಲೋಟ ಹಾಕಿಸಿಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿ, "ನೀವು ಹೇಳಿ, ಅವಳು ಬರ್ಕೊಳ್ತಾಳೆ" ಎಂದರು.

"ಆಫ್ ಮಾಡೇ ಓಗಿದ್ದೆ ಮೇಡಂ. ಆ ಸ್ವಿಚ್ಚೇ ಸಡ್ಲ ಆಗ್ಬುಟ್ಟಿತ್ತು. ಎರಡು ದಿನ ಮುಂಚೇನೇ ಯೋಳಿದ್ದೆ."

"ಯಾರಿಗೆ ಹೇಳಿದ್ರಿ?"

"ಸೂಪರ್‌ವೈಜರ್‌ಗೆ. ರಿಪೇರಿ ಪುಸ್ತಕದಲ್ಲೂ ಬರ್ಸಿದ್ದೆ."

ಮೇಡಂ ನನ್ನ ಮುಖ ನೋಡಿದರು. ನಾನು ಬರೆದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಎದುರಿಗೆ, ಯಾವ ಪುಸ್ತಕದಲ್ಲಿ. ಮೇಡಂ ಪೆನ್ನು ಮುಟ್ಟಲಿಲ್ಲ. ಒಂದು ಪುಟ ತುಂಬುವಷ್ಟರಲ್ಲಿ ಎಲ್ಲ ಮುಗಿಯಿತು. ಕೊನೆಯ ಸಾಲು: ರಿಪೇರಿ ಪುಸ್ತಕವನ್ನು ತರಿಸಿ ನೋಡಬೇಕೆಂದು ಕೋರುತ್ತೇನೆ.

ಅಪ್ಪನಿಗೆ ಸಮಾಧಾನವಾಗಲಿಲ್ಲ. "ಕಡೇಲಿ ಒಂದು ಕ್ಷಮಿಸಿ ಅಂತ ಆಕ್ಬುಡವ್ವ. ಸಾಹೇಬ್ರು ಕರಗ್ತಾರೆ."

"ತಪ್ಪು ಮಾಡಿದ್ರೆ ಹಾಕೋಣ ಕಣ್ರೀ," ಎಂದರು ಮೇಡಂ. "ಮಾಡಿದ್ದೀರಾ?"

ಅಪ್ಪ ತಲೆ ಎತ್ತಿ, "ಇಲ್ಲ" ಎಂದರು.

"ಹಂಗಾದ್ರೆ ಬೇಡ."

ಅಪ್ಪ ಸಹಿ ಹಾಕಿದರು. ವಿಚಾರಣೆಯ ದಿನ ಆ ಪುಸ್ತಕ ತರಿಸಿದರಂತೆ. ಅಪ್ಪ ಹೇಳಿದ ದಿನದ ಪುಟದಲ್ಲಿ ಸ್ವಿಚ್ಚಿನ ದೂರು ಇತ್ತು. ಮೂರು ವಾರದ ಮೇಲೆ ಅಪ್ಪ ಮತ್ತೆ ಕೆಲಸಕ್ಕೆ ಹೋದರು. ನಾನು ಓಡಿಹೋಗಿ ಸುದ್ದಿ ಹೇಳಿದಾಗ ಮೇಡಂ ಹಾಜರಿ ಕರೆಯುತ್ತಿದ್ದರು. "ಸಂತೋಷ. ಕೂತ್ಕೊ" ಎಂದು ಮುಂದಿನ ಹೆಸರು ಕರೆದರು.

ಈಗ ನಾನು ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸಗಾರರ ಅರ್ಜಿಗಳನ್ನು ಬರೆಯುತ್ತೇನೆ. ಎದುರಿಗೆ ಕೂತವರು ಅಳುತ್ತಲೇ ಮಾತು ಶುರು ಮಾಡುತ್ತಾರೆ. ನೀರು ಕೊಟ್ಟು, ಅವರು ಅಳುವುದು ಮುಗಿಯುವವರೆಗೆ ಕಾದು, ಯಾವ ದಿನ ಎಂದು ಕೇಳುತ್ತೇನೆ. ಆ ಪ್ರಶ್ನೆ ನನ್ನದಲ್ಲ.

ಕಳೆದ ವರ್ಷ ಮೇಡಂ ತೀರಿಕೊಂಡರು. ನಿವೃತ್ತಿಯಾದ ಮೇಲೆ ಕುವೆಂಪುನಗರದಲ್ಲಿ ತಂಗಿಯ ಜೊತೆ ಇದ್ದರು, ಮದುವೆ ಮಾಡಿಕೊಂಡಿರಲಿಲ್ಲ. ಅಪ್ಪನೂ ನನ್ನೊಂದಿಗೆ ಹೊರಟರು. ಬೀದಿ ಕಿರಿದಾದ್ದರಿಂದ ವ್ಯಾನು ತಿರುವಿನಲ್ಲೇ ನಿಂತಿತ್ತು; ಅಲ್ಲಿಯವರೆಗೆ ಚಟ್ಟ ಹೊತ್ತು ಒಯ್ಯಬೇಕಿತ್ತು. ಮನೆಯ ಕಡೆಯವರು ಮೂವರೇ ಗಂಡಸರು. "ಇನ್ನೊಬ್ರು ಬೇಕಲ್ಲಾ" ಎಂದು ಅವರ ತಂಗಿಯ ಮಗ ಸುತ್ತ ನೋಡಿದ. ಅಪ್ಪ ಚಪ್ಪಲಿ ಬಿಟ್ಟು ಮುಂದೆ ಹೋದರು.

"ತಾವು ಅವರಿಗೆ ಏನಾಗ್ಬೇಕು?" ಎಂದು ಆ ಮೂವರಲ್ಲಿ ಹಿರಿಯರಾದವರು ಕೇಳಿದರು.

"ನಮ್ಮುಡ್ಗಿಗೆ ಬರೆಯೋದು ಕಲ್ಸಿದ್ರು ಸ್ವಾಮಿ," ಎಂದರು ಅಪ್ಪ.

ಆ ಹಿರಿಯರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅಪ್ಪ ಹೆಗಲು ಕೊಟ್ಟರು.