ನೆವಿಲ್ ಕೊಟ್ಟ ನಾಲ್ಕನೆಯ ನಳಿಗೆ

ನಮ್ಮೂರ ನೆವಿಲ್ ಸ್ಟಬ್ಲಿ ಮೂವತ್ತೊಂದು ವರ್ಷ ಪಕ್ಕದ ವಾಯುನೆಲೆಯ ಉಗ್ರಾಣ ಕಾದವನು. ನಿಂತಲ್ಲಿಂದಲೇ ನೆಟ್ಟಗೆ ಮೇಲೇಳುವ ಹ್ಯಾರಿಯರ್ ಯುದ್ಧವಿಮಾನದ ಬಿಡಿಭಾಗಗಳೆಲ್ಲ ಅವನ ಕೈ ದಾಟಿಯೇ ಹೋಗಬೇಕಿತ್ತು. ದಾಟುವುದು ಸುಲಭವಿರಲಿಲ್ಲ. ಹಳೆಯದನ್ನು ತಂದು ಮೇಜಿನ ಮೇಲಿಡದೆ ಹೊಸ ಸ್ಕ್ರೂ ಕೂಡ ಹೊರಬೀಳುತ್ತಿರಲಿಲ್ಲ.

ವಿಮಾನಗಳು ನಿವೃತ್ತವಾದವು, ನೆವಿಲ್ಲೂ ಆದ. ಗುಜರಿ ಹರಾಜಿನಲ್ಲಿ ಹ್ಯಾರಿಯರ್‌ನ ಬೆಂಕಿಗಾಳಿ ಉಗುಳುವ ನಳಿಗೆಯೊಂದನ್ನು ಕೊಂಡು ತಂದು ಹಿತ್ತಲಿನ ರೂಬಾರ್ಬ್ ಗಿಡದ ಮೇಲೆ ಕವುಚಿ, ಬಾಯಿಗೆ ಹೆಂಚು ಮುಚ್ಚಿದ. ಕತ್ತಲಲ್ಲಿ ಬೆಳೆದರೆ ಆ ಹುಳಿ ದಂಟು ಎಳೆಯದಾಗಿ, ಗುಲಾಬಿಯಾಗಿ ಬರುತ್ತದೆ. ಊರಿನ ತರಕಾರಿ ಪ್ರದರ್ಶನದಲ್ಲಿ ಒಂಬತ್ತು ವರ್ಷದಿಂದ ಮೊದಲ ಬಹುಮಾನ ಹೊಡೆಯುತ್ತಿದ್ದವನು ಅವನ ಭಾವಮೈದ ಕ್ಲೆಮ್.

ಇತ್ತ ನಾವು ಆರು ಜನ ಹಳೆಯ ಕಣಜದಲ್ಲಿ ಹ್ಯಾರಿಯರ್ ಒಂದನ್ನು ಜೋಡಿಸುತ್ತಿದ್ದೆವು. ಐವರು ಬಲ್ಲವರು, ಆರನೆಯವನಾದ ನಾನು ಟಾರ್ಚ್ ಹಿಡಿಯುವವನು, ಅದೂ ಬೇಕಾದ ಕಡೆಗಲ್ಲ. ಪ್ರದರ್ಶನದ ಶನಿವಾರವೇ ವಿಮಾನವನ್ನೂ ಊರಿಗೆ ತೋರಿಸಬೇಕು. ನಾಲ್ಕು ನಳಿಗೆ ಇರಬೇಕಾದಲ್ಲಿ ಮೂರೇ ಇದ್ದವು. ಮಂಗಳವಾರ ನನ್ನನ್ನು ನೆವಿಲ್ ಹತ್ತಿರ ಅಟ್ಟಿದರು.

"ಹಳೇದು ತಂದಿದ್ದೀಯೇನಯ್ಯ?" ಎಂದ ನೆವಿಲ್.

"ಹಳೇದು ಕಳ್ದೋಗಿರೋದಕ್ಕೇ ಅಲ್ವೇನೋ ಕೇಳ್ತಿರೋದು!"

ಅಡುಗೆಮನೆ ಕಿಟಕಿಯಿಂದ ಅವನ ಹೆಂಡತಿ ಬೆರಿಲ್ ನಕ್ಕಳು. "ಸುಟ್ಟ ಬಲ್ಬು ಕೈಗಿಟ್ಟ ಮೇಲೇ ನಂಗೇ ಹೊಸ ಬಲ್ಬು ಸಿಗೋದು. ನೀನ್ಯಾವ ಸೀಮೆ ದೊಡ್ಡ ಮನುಷ್ಯ?"

ನೆವಿಲ್ ಹೆಂಚು ಸರಿಸಿ ತೋರಿಸಿದ. ಒಳಗೆ ದಂಟುಗಳು ಮದುಮಗಳ ಬೆರಳಿನ ಹಾಗಿದ್ದವು. "ಇನ್ನು ನಾಲ್ಕೇ ದಿನ. ಬೆಳಕು ಬಿದ್ರೆ ಹಸಿರಾಗಿಬಿಡುತ್ತೆ. ಈ ಸಲ ಕ್ಲೆಮ್‌ನ ಮಕಾಡೆ ಮಲಗಿಸ್ತೀನಿ, ನೋಡ್ತಿರು."

ನಾನು ಗೇಟಿನ ತನಕ ಹೋಗಿದ್ದೆ.

"ಯಾವ ಕಡೇದು ಇಲ್ಲ?" ಎಂದು ಕೂಗಿದ.

"ಎಡ, ಹಿಂದಿನದು."

ಬಗ್ಗಿ ನಳಿಗೆಯ ಮೇಲಿನ ನಂಬರು ಒರೆಸಿ ನೋಡಿದ. ಅದೂ ಎಡ ಹಿಂದಿನದೇ. ಮೂಗು ಉಜ್ಜಿಕೊಂಡ. "ನಮ್ಮ ಉಗ್ರಾಣಕ್ಕೆ ಕಿಟಕಿ ಇರ್ಲಿಲ್ಲ ಕಣೋ. ನಾನು ಕೊಟ್ಟಿದ್ದು ವಿಮಾನದಲ್ಲಿ ಕೂತಿದ್ದು ಒಂದ್ಸಲಾನೂ ನೋಡಿಲ್ಲ. ನಾಳೆ ಬಾ. ಬರಿಗೈಯಲ್ಲಿ ಬರ್ಬೇಡ ಮತ್ತೆ."

ಬುಧವಾರ ನಮ್ಮ ಮನೆಯ ಕಸದ ಡಬ್ಬಿ ಹೊತ್ತುಕೊಂಡು ಹೋದೆ. ನೆವಿಲ್ ಅದನ್ನು ಮೂಸಿ, 'ಕೆಟ್ಟಿದೆ' ಎಂಬ ಚೀಟಿ ಕಟ್ಟಿ, ನನ್ನಿಂದ ಎರಡು ರುಜು ಹಾಕಿಸಿಕೊಂಡು ನಳಿಗೆ ಬಿಟ್ಟುಕೊಟ್ಟು, ಡಬ್ಬಿಯನ್ನು ಗಿಡಕ್ಕೆ ಕವುಚಿದ. ಹಿಂದೊಮ್ಮೆ ಬಿಸಿ ಬೂದಿ ಸುರಿದು ನಾನೇ ಅದರ ತಳ ತೂತು ಮಾಡಿದ್ದೆ. ಅದು ನೆನಪಾದದ್ದು ಶನಿವಾರ, ಪ್ರದರ್ಶನದಲ್ಲಿ ದಂಟುಗಳ ಮೇಲೆ ಹಸಿರು ಪಟ್ಟೆ ಕಂಡಾಗ.

"ಇದೇನು ರೂಬಾರ್ಬೋ, ಜೀಬ್ರಾನೋ?" ಎಂದು ಕ್ಲೆಮ್ ಹತ್ತನೆಯ ವರ್ಷದ ಮೊದಲ ಬಹುಮಾನ ಹಿಡಿದುಕೊಂಡು ಕಿಚಾಯಿಸಿದ. "ಎಲ್ಲಿ ಭಾವ? ನಾಚ್ಕೊಂಡು ಮನೇಲೇ ಕೂತ್ನಾ?"

ಭಾವ ಹ್ಯಾರಿಯರ್‌ನ ರೆಕ್ಕೆಯ ಕೆಳಗೆ, ಮಡಿಚುವ ಕುರ್ಚಿಯಲ್ಲಿ ಕೂತಿದ್ದ. ಬಹುಮಾನದ ಸುದ್ದಿ ಹೇಳಿದೆ. "ಹೌದಾ?" ಎಂದು ಮತ್ತೆ ನಳಿಗೆ ನೋಡತೊಡಗಿದ. ಉಗ್ರಾಣದ ಪದ್ಧತಿಯಂತೆ ಅದರ ಪೂರ್ವೋತ್ತರ ಬರೆದ ಕಾರ್ಡನ್ನು ಅಲ್ಲೇ ನೇತುಹಾಕಿದ್ದ:

'ಜರ್ಮನಿಯಲ್ಲಿ ಏಳು ವರ್ಷ. ಈ ನೆಲೆಯಲ್ಲಿ ಹನ್ನೊಂದು. ಬೆರಿಲ್ ಹಿತ್ತಲಿನಲ್ಲಿ ಮೂರು, ಕೆಲಸ ತೃಪ್ತಿಕರ. ಹಳೆಯದು ವಾಪಸು ಬಂದಿದೆ, ತಳದಲ್ಲಿ ತೂತು.'